ಬಸುರಿಗೆ ಲಸಿಕೆ: ಯಾವುದು, ಯಾವ ವಾರ, ತವರಿಗೆ ಹೊರಡುವ ಮುನ್ನ ಏನು

ಮುಂಬೈ, ಪುಣೆ, ಗೋವಾದಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ಕ್ಲಿನಿಕ್ಕುಗಳ ಮುಂದೆ ಜ್ವರ, ಕೆಮ್ಮಿನವರ ಸಾಲು ಬೆಳೆಯುತ್ತದೆ. ಮನೆಯಲ್ಲೊಬ್ಬ ಬಸುರಿ ಇದ್ದರೆ ಪ್ರಶ್ನೆಗಳೂ ಶುರು. ಫ್ಲೂ ಇಂಜೆಕ್ಷನ್ ಹಾಕಿಸಬಹುದೇ? ಟಿಟಿ ಆಗಿದೆಯಲ್ಲ, ಮತ್ತೊಂದು ಯಾಕೆ? ಹೊಟ್ಟೆಯೊಳಗಿನ ಕೂಸಿಗೆ ಏನಾದರೂ ಆದರೆ? ಕೇಳೋಣವೆಂದರೆ ಡಾಕ್ಟರಿಗೆ ಪುರುಸೊತ್ತಿಲ್ಲ, ಹೊರಗೆ ಇನ್ನೂ ಮೂವತ್ತು ಜನ ಕೂತಿರುತ್ತಾರೆ.

ಬಸಿರಿನಲ್ಲಿ ಕೊಡುವ ಲಸಿಕೆಗಳ ವಿಚಾರದಲ್ಲಿ ಹೆಚ್ಚು ಎಡವಟ್ಟಾಗುವುದು ವಾರಗಳ ಲೆಕ್ಕದಲ್ಲಿ. ನಾಯಿಕೆಮ್ಮಿನ ಲಸಿಕೆಗೆ ತಕ್ಕ ಸಮಯ 27ರಿಂದ 36ನೇ ವಾರ. ಇಲ್ಲಿಯ ಕನ್ನಡದ ಮನೆಗಳ ಹೆಣ್ಣುಮಕ್ಕಳು ಹೆರಿಗೆಗೆಂದು ತವರಿಗೆ ಹೊರಡುವುದೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ. ಕರಾವಳಿಯವರಿಗೆ ಬಯಕೆ, ಉತ್ತರ ಕರ್ನಾಟಕದವರಿಗೆ ಕುಬಸ. ಅದು ಮುಗಿಯುತ್ತಲೇ ಉಡುಪಿಗೋ ವಿಜಯಪುರಕ್ಕೋ ಪ್ರಯಾಣ. ಇಲ್ಲಿಯ ಡಾಕ್ಟರು ‘ಮುಂದಿನ ಸಲ ಬಂದಾಗ ನೋಡೋಣ’ ಎಂದಿರುತ್ತಾರೆ. ಅಲ್ಲಿಯವರು ‘ಮುಂಬೈಯಲ್ಲೇ ಆಗಿರಬೇಕು’ ಎಂದುಕೊಳ್ಳುತ್ತಾರೆ. ಎರಡೂ ಊರಿನ ನಡುವೆ ಒಂದು ಡೋಸು ಬಿಟ್ಟೇ ಹೋಗುತ್ತದೆ.

ಚುಚ್ಚುವುದು ತಾಯಿಗೆ, ಕಾಯುವುದು ಯಾರನ್ನು?

ಲಸಿಕೆ ಹಾಕಿದಾಗ ದೇಹ ಆ ರೋಗಾಣುವನ್ನು ಗುರುತಿಸಿ ತಡೆಯುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಇವಕ್ಕೆ ಪ್ರತಿಕಾಯ ಎನ್ನುತ್ತಾರೆ. ಇವುಗಳಲ್ಲಿ ಐಜಿಜಿ ಎಂಬ ಬಗೆ ಮಾತ್ರ ಮಾಸುವಿನ ಮೂಲಕ ಮಗುವಿನ ರಕ್ತಕ್ಕೆ ದಾಟಬಲ್ಲದು. ಅದು ತಾನಾಗಿ ಸೋರಿ ಹೋಗುವುದಿಲ್ಲ. ಮಾಸುವಿನಲ್ಲಿರುವ ವಿಶೇಷ ಗ್ರಾಹಕಗಳು ಅದನ್ನು ಹಿಡಿದು ಆಚೆ ದಾಟಿಸುತ್ತವೆ. ಈ ಸಾಗಣೆ ಸುಮಾರು 13ನೇ ವಾರಕ್ಕೆ ಸಣ್ಣದಾಗಿ ಶುರುವಾಗಿ ಕೊನೆಯ ನಾಲ್ಕೈದು ವಾರಗಳಲ್ಲಿ ಅತಿ ಹೆಚ್ಚಾಗುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಜಿ ತಾಯಿಗಿಂತಲೂ ತುಸು ಹೆಚ್ಚೇ ಇರುವುದುಂಟು. ಎಂಟು ತಿಂಗಳಿಗೆ ಹುಟ್ಟಿದ ಕೂಸಿಗೆ ಅಷ್ಟು ಸಿಕ್ಕಿರುವುದಿಲ್ಲ.

ದೂರದ ಪ್ರಯಾಣಕ್ಕೆ ಕಟ್ಟಿಕೊಡುವ ಬುತ್ತಿ ಇದ್ದ ಹಾಗೆ ಇದು. ಕೂಸು ತನ್ನ ಅಡುಗೆ ತಾನೇ ಮಾಡಿಕೊಳ್ಳುವಷ್ಟಾಗುವ ತನಕ ತಾಯಿ ಕಟ್ಟಿದ್ದರಲ್ಲೇ ದಿನ ದೂಡಬೇಕು. ಅದು ಕೆಲವು ತಿಂಗಳಲ್ಲಿ ಖಾಲಿಯಾಗುತ್ತದೆ. ನಮ್ಮ ದೇಶದ ವೇಳಾಪಟ್ಟಿಯಲ್ಲಿ ನಾಯಿಕೆಮ್ಮು, ಧನುರ್ವಾಯು, ಗಂಟಲಮಾರಿ ಎಲ್ಲಕ್ಕೂ ಸೇರಿದ ಪೆಂಟಾವೇಲೆಂಟ್ ಲಸಿಕೆ ಮಗುವಿಗೆ ಸಿಗುವುದು 6, 10 ಮತ್ತು 14ನೇ ವಾರದಲ್ಲಿ. ಫ್ಲೂ ಲಸಿಕೆಯನ್ನಂತೂ ಆರು ತಿಂಗಳು ತುಂಬದ ಮಗುವಿಗೆ ಕೊಡುವಂತೆಯೇ ಇಲ್ಲ. ಅಲ್ಲಿಯವರೆಗೆ ಮಗುವಿನ ಹತ್ತಿರ ಇರುವುದು ತಾಯಿಯಿಂದ ಬಂದದ್ದಷ್ಟೇ.

ಎದೆಹಾಲಿನಲ್ಲೂ ಪ್ರತಿಕಾಯಗಳಿವೆ, ಆದರೆ ಅವು ಬೇರೆ ಬಗೆಯವು. ಮಗುವಿನ ಬಾಯಿ, ಗಂಟಲು, ಕರುಳಿನ ಒಳಪದರವನ್ನು ಕಾಯುತ್ತವೆ, ರಕ್ತಕ್ಕೆ ಹೆಚ್ಚಾಗಿ ಸೇರುವುದಿಲ್ಲ. ಹಾಲು ಕುಡಿಸುತ್ತೇನಲ್ಲ, ಲಸಿಕೆ ಯಾಕೆ ಎಂಬ ಮಾತು ಅದಕ್ಕೇ ಪೂರ್ತಿ ಸರಿಹೋಗದು.

ಸತ್ತ ಲಸಿಕೆ, ಜೀವಂತ ಲಸಿಕೆ

ಬಸಿರಿನಲ್ಲಿ ಯಾವುದು ಸರಿ, ಯಾವುದು ಬೇಡ ಎಂಬುದು ಬಹುಮಟ್ಟಿಗೆ ಈ ಒಂದು ಭೇದದ ಮೇಲೆ ನಿಂತಿದೆ. ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆಯಲ್ಲಿ ರೋಗಾಣುವೇ ಇರುವುದಿಲ್ಲ. ರೋಗಾಣು ಹೊರಬಿಡುವ ವಿಷವನ್ನು ಫಾರ್ಮಲಿನ್‌ನಿಂದ ನಿರ್ವಿಷಗೊಳಿಸಿ ಬಳಸುತ್ತಾರೆ. ಚುಚ್ಚುವ ಫ್ಲೂ ಲಸಿಕೆಯಲ್ಲಿರುವುದು ಸತ್ತ ವೈರಸ್ಸಿನ ಚೂರುಗಳು. ಇವು ಯಾವುವೂ ದೇಹದಲ್ಲಿ ಬೆಳೆಯಲಾರವು. ಆದ್ದರಿಂದ ತಾಯಿಗಾಗಲಿ ಮಗುವಿಗಾಗಲಿ ರೋಗ ಅಂಟಿಸಲಾರವು.

ದಡಾರ-ಮಂಗಬಾವು-ರುಬೆಲ್ಲಾ ಸೇರಿದ ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆ, ಬಿಸಿಜಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಇವೆಲ್ಲ ಬಲ ಕುಂದಿಸಿದ ಜೀವಂತ ರೋಗಾಣುಗಳಿಂದ ಆದವು. ದೇಹದೊಳಗೆ ಸ್ವಲ್ಪ ಮಟ್ಟಿಗೆ ಬೆಳೆಯುತ್ತವೆ. ಮಾಸು ದಾಟಿ ಮಗುವನ್ನು ಮುಟ್ಟಬಹುದೆಂಬ ಸಾಧ್ಯತೆಯೊಂದನ್ನೇ ಲೆಕ್ಕಕ್ಕೆ ಹಿಡಿದು ಬಸಿರಿನಲ್ಲಿ ಕೊಡುವುದಿಲ್ಲ. ಎಂಎಂಆರ್ ಅಥವಾ ಚಿಕನ್‌ಪಾಕ್ಸ್ ಲಸಿಕೆ ಪಡೆದ ಮೇಲೆ ಬಸುರಾಗಲು ಕನಿಷ್ಠ ಒಂದು ತಿಂಗಳು ತಡೆಯಿರಿ ಎನ್ನುವುದೂ ಇದಕ್ಕೇ. ಹಾಗೆಂದು ಬಸಿರು ಗೊತ್ತಾಗುವ ಮೊದಲೇ ಎಂಎಂಆರ್ ಹಾಕಿಸಿಬಿಟ್ಟಿದ್ದರೆ ಹೆದರಿ ಗರ್ಭ ತೆಗೆಸುವ ಅಗತ್ಯವಿಲ್ಲ. ಹಾಗೆ ತಿಳಿಯದೆ ಲಸಿಕೆ ಪಡೆದ ಸಾವಿರಾರು ತಾಯಂದಿರನ್ನು ಹಲವು ದೇಶಗಳಲ್ಲಿ ಹಿಂಬಾಲಿಸಿ ನೋಡಿದ್ದಾರೆ. ಲಸಿಕೆಯ ರುಬೆಲ್ಲಾ ವೈರಸ್ಸಿನಿಂದ ಮಗುವಿಗೆ ಅಂಗವೈಕಲ್ಯ ಬಂದದ್ದು ಕಂಡಿಲ್ಲ. ಡಾಕ್ಟರಿಗೆ ತಾರೀಖು ಹೇಳಿ, ಅಷ್ಟು ಸಾಕು.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಈ ವಿಂಗಡಣೆಗೆ ಸಿಗುವುದಿಲ್ಲ. ಅದು ಜೀವಂತವಲ್ಲ, ಆದರೂ ಬಸಿರಿನಲ್ಲಿ ಮುಂದೂಡುತ್ತಾರೆ. ಒಂದು ಡೋಸ್ ಆಗಿ ಬಸುರಾದರೆ ಉಳಿದದ್ದನ್ನು ಹೆರಿಗೆಯ ನಂತರ ಮುಗಿಸಬಹುದು, ಮೊದಲಿನಿಂದ ಶುರುಮಾಡಬೇಕಿಲ್ಲ.

ಟಿಟಿ ಹೋಗಿ ಟಿಡಿ ಬಂತು

ಅಜ್ಜಿ, ಅತ್ತೆ ಎಲ್ಲರಿಗೂ ಪರಿಚಯದ ಟಿಟಿ ಇಂಜೆಕ್ಷನ್ ಈಗ ಸರ್ಕಾರಿ ಕಾರ್ಯಕ್ರಮದಲ್ಲಿ ಟಿಡಿ ಆಗಿದೆ. ಧನುರ್ವಾಯುವಿನ ಜೊತೆಗೆ ದೊಡ್ಡವರಿಗೆ ಹೊಂದುವಷ್ಟು ಕಡಿಮೆ ಪ್ರಮಾಣದ ಗಂಟಲಮಾರಿ ಲಸಿಕೆಯೂ ಅದರಲ್ಲಿದೆ. ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರ, ಪ್ರಸೂತಿಗೃಹ, ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲೆಡೆ ಉಚಿತ.

ಲೆಕ್ಕ ಹೀಗೆ. ಬಸಿರು ನೋಂದಾಯಿಸಿದ ದಿನವೇ ಮೊದಲ ಡೋಸು. ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ನಾಲ್ಕು ವಾರ ಕಳೆದು ಎರಡನೆಯದು. ಹಿಂದಿನ ಬಸಿರಿನಲ್ಲಿ ಎರಡೂ ಡೋಸು ಪಡೆದು ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದೇ ಬೂಸ್ಟರ್. ತಡವಾಗಿ ನೋಂದಾಯಿಸಿ 36 ವಾರ ದಾಟಿದ್ದರೂ ಬಿಡಬಾರದು, ಕೊಡಲೇಬೇಕು. ಒಂದು ಡೋಸು ಅರ್ಧ ಎಂಎಲ್, ತೋಳಿನ ಮೇಲ್ಭಾಗದ ಸ್ನಾಯುವಿಗೆ.

ಇದು ಯಾಕೆ ಇಷ್ಟು ಮುಖ್ಯವಾಯಿತೆಂದರೆ, ಧನುರ್ವಾಯುವಿನ ಬೀಜಕಣಗಳು ಮಣ್ಣು, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಹೊಕ್ಕುಳಬಳ್ಳಿಯನ್ನು ಕೊಳಕು ಬ್ಲೇಡಿನಿಂದ ಕತ್ತರಿಸಿದರೆ, ಅದಕ್ಕೆ ಬೂದಿ ಹಚ್ಚಿದರೆ, ಗಾಯದ ಮೂಲಕ ಒಳಸೇರುತ್ತವೆ. ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆಮೇಲೆ ಬಾಯಿ ತೆರೆಯಲಾಗದೆ ಸೆಟೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಇದು ನಮ್ಮಲ್ಲಿ ಸಾಮಾನ್ಯ ಸಾವು. ತಾಯಿ-ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನದ ಮಟ್ಟಕ್ಕಿಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2015ರಲ್ಲಿ. ಆದರೆ ಮಣ್ಣಿನಲ್ಲಿರುವ ಬೀಜಕಣ ಎಲ್ಲೂ ಹೋಗಿಲ್ಲ. ಲಸಿಕೆ ನಿಂತರೆ ರೋಗ ವಾಪಸು.

ನಾಯಿಕೆಮ್ಮು: ತವರಿಗೆ ಹೊರಡುವ ಮುನ್ನ

ಟಿಡ್ಯಾಪ್ ಎಂಬ ಹೆಸರು ಹಲವರಿಗೆ ಹೊಸದು. ಟಿಡಿಯಲ್ಲಿರುವ ಎರಡರ ಜೊತೆಗೆ ನಾಯಿಕೆಮ್ಮಿನ ಅಂಶ ಸೇರಿದರೆ ಟಿಡ್ಯಾಪ್. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದು ಇಲ್ಲ. ಖಾಸಗಿಯಲ್ಲಿ ಬೂಸ್ಟ್ರಿಕ್ಸ್, ಅಡಾಸೆಲ್ ಹೆಸರಿನಲ್ಲಿ ಸಿಗುತ್ತದೆ, ಬೆಲೆ ಸಾವಿರ ರೂಪಾಯಿಗೂ ಮೇಲೆ. ಕೊಡಿಸಬಲ್ಲ ಮನೆಯವರು ಸೀಮಂತದ ಖರ್ಚಿನ ಪಟ್ಟಿಯಲ್ಲೇ ಇದಕ್ಕೂ ಒಂದು ಸಾಲು ಬರೆದಿಟ್ಟುಕೊಳ್ಳುವುದು ಜಾಣತನ.

ದೊಡ್ಡವರಲ್ಲಿ ನಾಯಿಕೆಮ್ಮು ಬಿಡದ ಕೆಮ್ಮಿನಂತೆ ವಾರಗಟ್ಟಲೆ ಕಾಡುತ್ತದೆ. ಎಷ್ಟೋ ಜನಕ್ಕೆ ತಮಗೆ ಬಂದಿರುವುದು ಅದೇ ಎಂದು ಗೊತ್ತೂ ಆಗುವುದಿಲ್ಲ. ಎಳೆಗೂಸಿಗೆ ಅದು ಬೇರೆಯೇ ಕಾಯಿಲೆ. ದೊಡ್ಡ ಮಕ್ಕಳಂತೆ ಕೂಗುವ ಸದ್ದು ಬರದೆ ಹೋಗಬಹುದು. ಕೆಮ್ಮಿ ಕೆಮ್ಮಿ ಉಸಿರೇ ನಿಂತು ತುಟಿ ನೀಲಿಗಟ್ಟುತ್ತದೆ, ನ್ಯುಮೋನಿಯಾ ಆಗುತ್ತದೆ. ಸಾವುಗಳಲ್ಲಿ ಹೆಚ್ಚಿನವು ಮೊದಲ ಎರಡು ಮೂರು ತಿಂಗಳಲ್ಲಿ, ಅಂದರೆ ಮಗುವಿನ ಸ್ವಂತ ಲಸಿಕೆ ಶುರುವಾಗುವ ಮೊದಲು ಇಲ್ಲವೇ ಆಗಷ್ಟೇ ಶುರುವಾದಾಗ.

ಬ್ರಿಟನ್ ಈ ಲಸಿಕೆಯನ್ನು 2012ರ ಅಕ್ಟೋಬರಿನಿಂದ ಎಲ್ಲ ಬಸುರಿಯರಿಗೆ ಕೊಡಲು ಶುರುಮಾಡಿತು. ಆ ವರ್ಷ ಅಲ್ಲಿ ನಾಯಿಕೆಮ್ಮು ಹಬ್ಬಿ ಕೂಸುಗಳು ಸಾಯುತ್ತಿದ್ದವು. ಮುಂದಿನ ಲೆಕ್ಕಾಚಾರದಲ್ಲಿ, ಬಸಿರಿನಲ್ಲಿ ಲಸಿಕೆ ಪಡೆದ ತಾಯಂದಿರ ಮೂರು ತಿಂಗಳೊಳಗಿನ ಮಕ್ಕಳಲ್ಲಿ ರೋಗ ಶೇ. 90ರ ಆಸುಪಾಸು ತಗ್ಗಿತ್ತು.

27ನೇ ವಾರಕ್ಕೆ ಮೊದಲೇ ಯಾಕೆ ಬೇಡ, ಕೊನೆಗಳಿಗೆಯಲ್ಲಿ ಯಾಕೆ ಬೇಡ? ಲಸಿಕೆ ಹಾಕಿದ ಮೇಲೆ ಪ್ರತಿಕಾಯ ತಯಾರಾಗಲು ಸುಮಾರು ಎರಡು ವಾರ ಬೇಕು. ನಾಯಿಕೆಮ್ಮಿನ ಪ್ರತಿಕಾಯ ತಿಂಗಳುಗಳಲ್ಲೇ ಇಳಿಯುತ್ತಾ ಹೋಗುತ್ತದೆ. ತುಂಬಾ ಬೇಗ ಹಾಕಿದರೆ ಮಾಸು ಜೋರಾಗಿ ಸಾಗಿಸುವ ವೇಳೆಗೆ ತಾಯಿಯಲ್ಲೇ ಇಳಿಮುಖವಾಗಿರುತ್ತದೆ. ತುಂಬಾ ತಡವಾದರೆ ಸಾಗಿಸಲು ಸಮಯವೇ ಉಳಿಯದು. ಈ ಬೇಗ ಇಳಿಯುವ ಗುಣದಿಂದಲೇ ಪ್ರತಿ ಬಸಿರಿನಲ್ಲೂ ಹೊಸದಾಗಿ ಒಂದು ಡೋಸು ಬೇಕು. ಮೊದಲ ಮಗುವಿಗೆ ಹಾಕಿಸಿದ್ದು ಎರಡನೆಯದಕ್ಕೆ ಲೆಕ್ಕಕ್ಕಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವೂ ಇರುವುದರಿಂದ 28ರಿಂದ 32ನೇ ವಾರದೊಳಗೆ ಮುಗಿಸಿಕೊಳ್ಳುವುದು ಅನುಕೂಲ.

ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನ ಜನವರಿ 1 ಆಗಿದ್ದರೆ, 27 ವಾರ ತುಂಬುವುದು ಜುಲೈ 9ಕ್ಕೆ, 36 ತುಂಬುವುದು ಸೆಪ್ಟೆಂಬರ್ 10ಕ್ಕೆ, ಹೆರಿಗೆಯ ಅಂದಾಜು ಅಕ್ಟೋಬರ್ 8. ಮನೆಯವರ ‘ಏಳನೇ ತಿಂಗಳು’ ಮತ್ತು ಡಾಕ್ಟರರ ‘28 ವಾರ’ ಒಂದಕ್ಕೊಂದು ಹೊಂದದೆ ಗೊಂದಲವಾಗುವುದೇ ಹೆಚ್ಚು. ಮೊದಲ ಸ್ಕ್ಯಾನ್ ರಿಪೋರ್ಟಿನಲ್ಲಿ ಬರೆದ ದಿನಾಂಕ ಹಿಡಿದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ಟಿಡ್ಯಾಪ್ ತೆಗೆದುಕೊಂಡರೆ ಅದು ಟಿಡಿಯ ಎರಡನೇ ಡೋಸಿನ ಜಾಗಕ್ಕೆ ಸಲ್ಲುತ್ತದೆ. ಹೀಗಾಗಿ ಹಲವು ಪ್ರಸೂತಿ ತಜ್ಞರು ಮೊದಲು ಒಂದು ಟಿಡಿ, 27 ವಾರದ ನಂತರ ಟಿಡ್ಯಾಪ್ ಎಂದು ಯೋಜಿಸುತ್ತಾರೆ. ಇಲ್ಲಿಯೇ ಒಂದು ಅಪಾಯ: ಟಿಡ್ಯಾಪ್ ಹಾಕುತ್ತೇವೆಂದು ಎರಡನೇ ಟಿಡಿ ಬಿಟ್ಟು, ಆಮೇಲೆ ಊರಿಗೆ ಹೋಗಿ ಎರಡೂ ಇಲ್ಲದಂತಾಗುವುದು. ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಟಿಡ್ಯಾಪ್ ಸಿಗುತ್ತದೆಂದು ಖಾತ್ರಿಯಿಲ್ಲ. 27 ವಾರಕ್ಕೆ ಮೊದಲೇ ಹೊರಡುವವರು ಊರಿನ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಿ. ಸಿಗದಿದ್ದರೆ ಎರಡನೇ ಟಿಡಿಯನ್ನಾದರೂ ಇಲ್ಲೇ ಮುಗಿಸಿ ಹೋಗಿ.

ಬಾಣಂತನ ಮಾಡುವ ಅಮ್ಮ, ಅಜ್ಜಿಗೂ ಇದರಲ್ಲಿ ಪಾಲಿದೆ. ಕೂಸಿಗೆ ನಾಯಿಕೆಮ್ಮು ಬರುವುದು ಸಾಮಾನ್ಯವಾಗಿ ಮನೆಯವರಿಂದಲೇ. ತಿಂಗಳಿಂದ ಕೆಮ್ಮುತ್ತಿರುವವರು ಮಗುವನ್ನು ಎತ್ತಿಕೊಳ್ಳುವ ಮೊದಲು ತೋರಿಸಿಕೊಳ್ಳಲಿ. ಅವರೂ ಟಿಡ್ಯಾಪ್ ಪಡೆಯುವುದಾದರೆ ಹೆರಿಗೆಗೆ ಎರಡು ವಾರ ಮೊದಲಾದರೂ ಆಗಿರಬೇಕು.

ಫ್ಲೂ ಲಸಿಕೆ ಮಳೆಗೆ ಮೊದಲು

ಎಚ್‌1ಎನ್‌1 ಫ್ಲೂನಿಂದ ಭಾರತದಲ್ಲಿ ಮೊದಲ ಸಾವು ಸಂಭವಿಸಿದ್ದು ಪುಣೆಯಲ್ಲಿ, 2009ರ ಆಗಸ್ಟ್ ಆರಂಭದಲ್ಲಿ. ಆ ವರ್ಷ ಅಮೆರಿಕದ ಲೆಕ್ಕ ಬಂದಾಗ, ಜನಸಂಖ್ಯೆಯಲ್ಲಿ ಶೇ. 1ರಷ್ಟಿದ್ದ ಬಸುರಿಯರು ಸತ್ತವರಲ್ಲಿ ಸುಮಾರು ಶೇ. 5ರಷ್ಟಿದ್ದರು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಲಸಿಕೆಗೆ ಬಸುರಿಯರನ್ನೇ ಮೊದಲ ಆದ್ಯತೆಯಲ್ಲಿಟ್ಟಿತು. ಮಹಾರಾಷ್ಟ್ರ ಸರ್ಕಾರ 2015ರ ಫ್ಲೂ ಹಾವಳಿಯ ನಂತರ ನಾಲ್ಕನೇ ತಿಂಗಳಿನಿಂದಾಚೆಯ ಬಸುರಿಯರಿಗೆ ತನ್ನ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡಲು ಶುರುಮಾಡಿತು. ಸ್ಟಾಕ್ ಇದ್ದಾಗ ಮಾತ್ರ ಸಿಗುತ್ತದೆ, ವಿಚಾರಿಸಿಕೊಂಡು ಹೋಗುವುದು ಮೇಲು.

ಬಸುರಿಗೆ ಫ್ಲೂ ಯಾಕೆ ಜೋರಾಗುತ್ತದೆ? ಬೆಳೆಯುವ ಗರ್ಭಕೋಶ ಎದೆ-ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಶ್ವಾಸಕೋಶಕ್ಕೆ ಜಾಗ ಕಡಿಮೆ; ಆಮ್ಲಜನಕದ ಅಗತ್ಯವೋ ಸುಮಾರು ಐದನೇ ಒಂದು ಪಾಲು ಹೆಚ್ಚು. ಹೃದಯ ಪ್ರತಿ ನಿಮಿಷಕ್ಕೆ ಮೂರನೇ ಒಂದು ಪಾಲಿಗೂ ಹೆಚ್ಚು ರಕ್ತವನ್ನು ಜಾಸ್ತಿ ತಳ್ಳುತ್ತಿರುತ್ತದೆ. ಮಗುವನ್ನು ಪರಕೀಯವೆಂದು ತಿರಸ್ಕರಿಸದಿರಲಿ ಎಂದು ರೋಗನಿರೋಧಕ ವ್ಯವಸ್ಥೆಯೂ ತನ್ನ ವರಸೆ ಬದಲಿಸಿಕೊಂಡಿರುತ್ತದೆ. ಹೀಗಿರುವಾಗ ನ್ಯುಮೋನಿಯಾ ಬಂದರೆ ತಡೆದುಕೊಳ್ಳುವ ಶಕ್ತಿ ಉಳಿದಿರುವುದಿಲ್ಲ.

ಫ್ಲೂ ವೈರಸ್ಸು ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯ ತಳಿಗಳನ್ನು ವರ್ಷಕ್ಕೆ ಎರಡು ಸಲ ಪರಿಷ್ಕರಿಸುತ್ತಾರೆ. ಉತ್ತರ ಗೋಲಾರ್ಧದ್ದು ಫೆಬ್ರವರಿಯಲ್ಲಿ, ದಕ್ಷಿಣ ಗೋಲಾರ್ಧದ್ದು ಸೆಪ್ಟೆಂಬರಿನಲ್ಲಿ ಪ್ರಕಟವಾಗುತ್ತದೆ. ನಮ್ಮ ದೇಶ ಉತ್ತರ ಗೋಲಾರ್ಧದಲ್ಲಿದ್ದರೂ ಇಲ್ಲಿ ಫ್ಲೂ ದೊಡ್ಡದಾಗಿ ಏರುವುದು ಮಳೆಗಾಲದಲ್ಲಿ, ಆಮೇಲೆ ಜನವರಿ-ಮಾರ್ಚ್‌ನಲ್ಲಿ ಇನ್ನೊಮ್ಮೆ. ಆದ್ದರಿಂದ ಏಪ್ರಿಲ್-ಮೇ ತಿಂಗಳಲ್ಲಿ ಅಂಗಡಿಗೆ ಬರುವ ದಕ್ಷಿಣ ಗೋಲಾರ್ಧದ ತಳಿಯ ಲಸಿಕೆ ಮಳೆಗಾಲಕ್ಕೆ ಹೊಂದುತ್ತದೆ. ಡಬ್ಬಿಯ ಮೇಲೆ ವರ್ಷ ಮತ್ತು ಗೋಲಾರ್ಧ ಎರಡೂ ಅಚ್ಚಾಗಿರುತ್ತವೆ, ಓದಿ ನೋಡಿ. ಹಳೆಯ ಸೀಸನ್ನಿನ ಉಳಿಕೆ ಮಾಲು ಕೊಂಡರೆ ದುಡ್ಡು ದಂಡ.

ಮೇಲೆ ಹೇಳಿದ ಜನವರಿ 1ರ ಲೆಕ್ಕದ ಬಸುರಿಗೆ ಮೇ ಮಧ್ಯದಲ್ಲಿ 19 ವಾರ. ಅಂತರರಾಷ್ಟ್ರೀಯ ಸಲಹೆಯ ಪ್ರಕಾರ ಬಸಿರಿನ ಯಾವ ಹಂತದಲ್ಲಾದರೂ ಹಾಕಿಸಬಹುದು. ನಮ್ಮಲ್ಲಿ ಹಲವು ತಜ್ಞರು 26ನೇ ವಾರದ ತನಕ ಕಾಯುತ್ತಾರೆ, ಮಗುವಿಗೆ ಹೆಚ್ಚು ಪ್ರತಿಕಾಯ ದಾಟಲಿ ಎಂದು. ಫ್ಲೂ ಹಬ್ಬಿರುವಾಗ ಕಾಯುವುದರಲ್ಲಿ ಅರ್ಥವಿಲ್ಲ, ಆಗ ತಾಯಿಯೇ ಮೊದಲು. ಒಂದೇ ಡೋಸು, ಅರ್ಧ ಎಂಎಲ್. ಟಿಡ್ಯಾಪ್ ಜೊತೆ ಒಂದೇ ದಿನ ಬೇರೆ ತೋಳಿಗೆ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ.

ಲಸಿಕೆ ಪಡೆದರೂ ಫ್ಲೂ ಬರಬಹುದು, ಜೋರು ಕಡಿಮೆಯಿರುತ್ತದೆ. ಪಡೆದಿರಲಿ ಬಿಡಲಿ, ಬಸುರಿಗೆ ಜ್ವರದ ಜೊತೆ ಏದುಸಿರು ಬಂದರೆ ಮನೆಯಲ್ಲಿ ಕಷಾಯ ಕುಡಿಸುತ್ತಾ ಕೂರಬಾರದು. ಫ್ಲೂ ವೈರಸ್ಸನ್ನು ತಡೆಯುವ ಓಸೆಲ್ಟಾಮಿವಿರ್ ಮಾತ್ರೆಯನ್ನು ಬಸಿರಿನಲ್ಲೂ ಕೊಡುತ್ತಾರೆ. ಜ್ವರ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೆ ಪರಿಣಾಮ ಚೆನ್ನಾಗಿರುತ್ತದೆ.

ಮೊದಲ ಮೂರು ತಿಂಗಳ ಅಂಜಿಕೆ

ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಇಳಿದುಹೋಗುತ್ತವೆ, ಅವುಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲಿ. ಆ ಅವಧಿಯಲ್ಲಿ ಇಂಜೆಕ್ಷನ್ ಆಗಿದ್ದರೆ ದೋಷ ಅದರ ತಲೆಗೆ ಬರುತ್ತದೆ. ಲಸಿಕೆ ಪಡೆದವರಲ್ಲಿ ಪಡೆಯದವರಿಗಿಂತ ಹೆಚ್ಚು ಗರ್ಭಪಾತವಾಗಿದೆಯೇ ಎಂದು ಹೋಲಿಸಿದಾಗಲೇ ನಿಜ ತಿಳಿಯುವುದು. ಟಿಡಿ, ಚುಚ್ಚುವ ಫ್ಲೂ ಲಸಿಕೆ ಎರಡಕ್ಕೂ ದಶಕಗಳ ಹೋಲಿಕೆಗಳಿವೆ, ಹಾನಿಯ ಜಾಡು ಕಂಡಿಲ್ಲ.

ಅಂಜಿಕೆಗೆ ಇನ್ನೊಂದು ಬೇರೂ ಇದೆ. ಹೊಸ ಔಷಧಿಗಳ ಪರೀಕ್ಷೆಯಿಂದ ಬಸುರಿಯರನ್ನು ಮೊದಲಿನಿಂದಲೂ ಹೊರಗಿಟ್ಟಿದ್ದಾರೆ. ಕೋವಿಡ್ ಲಸಿಕೆಯಲ್ಲಿ ಆದದ್ದೂ ಅದೇ. ದೇಶದಲ್ಲಿ ಲಸಿಕಾಕರಣ 2021ರ ಜನವರಿ 16ರಂದು ಆರಂಭವಾದರೂ ಬಸುರಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು, ಎರಡನೇ ಅಲೆ ಬಂದು ಹೋದ ಮೇಲೆ. ಮಾಹಿತಿ ಇಲ್ಲ ಎಂಬ ಮಾತು ಮನೆಮನೆಗಳಲ್ಲಿ ‘ಅಪಾಯ ಇದೆ’ ಎಂದು ಕೇಳಿಸಿತು.

ಚುಚ್ಚಿಸಿಕೊಳ್ಳುವ ದಿನ ಕಣ್ಣಿಗೆ ಬೀಳಬೇಕಾದದ್ದು

ಸರ್ಕಾರಿ ಕೇಂದ್ರದ ಟಿಡಿ ಬಾಟಲಿಯಲ್ಲಿ ಹತ್ತು ಡೋಸು ಇರುತ್ತದೆ. ಲೇಬಲ್ಲಿನ ಮೇಲೆ ನೇರಳೆ ವೃತ್ತ, ಅದರ ನಡುವೆ ತಿಳಿಬಣ್ಣದ ಚೌಕ. ಬಾಟಲಿ ಬಿಸಿಗೆ ಸಿಕ್ಕಷ್ಟೂ ಚೌಕ ಕಪ್ಪೇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡರ ಬಣ್ಣ ಒಂದೇ ಆಗಿದ್ದರೆ ಅಥವಾ ಚೌಕವೇ ಗಾಢವಾಗಿದ್ದರೆ ಎಸೆಯಬೇಕು. ತೆರೆದ ದಿನಾಂಕವನ್ನು ಸಿಸ್ಟರ್ ಬಾಟಲಿಯ ಮೇಲೆ ಬರೆದಿರುತ್ತಾರೆ. ಸರಿಯಾಗಿ ಇಟ್ಟಿದ್ದರೆ 28 ದಿನ ಬಳಸಲು ಅನುಮತಿಯಿದೆ, ಹಾಗಾಗಿ ತೆರೆದ ಬಾಟಲಿ ಎಂದು ಗಾಬರಿಯಾಗಬೇಡಿ. ಸಿರಿಂಜು ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದಂತೆ ಲಾಕ್ ಆಗುವ ಬಗೆಯದು.

ಈ ಲಸಿಕೆಗಳಿಗೆ ಬಿಸಿಗಿಂತ ಹೆಪ್ಪುಗಟ್ಟುವ ಚಳಿಯೇ ಹೆಚ್ಚು ಹಾನಿ. 2ರಿಂದ 8 ಡಿಗ್ರಿಯಲ್ಲಿರಬೇಕು. ಮೆಡಿಕಲ್ ಸ್ಟೋರಿನಿಂದ ಟಿಡ್ಯಾಪ್ ಕೊಂಡು ಡೊಂಬಿವಲಿಯಿಂದ ಮುಲುಂಡಿನ ಕ್ಲಿನಿಕ್ಕಿಗೆ ಲೋಕಲ್ಲಿನಲ್ಲಿ ಪರ್ಸಿನೊಳಗಿಟ್ಟು ತರುವುದು ತಪ್ಪು, ಐಸ್‌ಕ್ಯೂಬಿಗೆ ನೇರ ತಾಗಿಸಿ ತರುವುದು ಇನ್ನೂ ದೊಡ್ಡ ತಪ್ಪು. ಹೆಪ್ಪುಗಟ್ಟಿದರೆ ಅದರೊಳಗಿನ ಅಲ್ಯೂಮಿನಿಯಂ ಲವಣದ ಕಣಗಳು ಗಂಟುಕಟ್ಟಿ ಲಸಿಕೆ ಶಕ್ತಿ ಕಳೆದುಕೊಳ್ಳುತ್ತದೆ. ಕ್ಲಿನಿಕ್ಕಿನಲ್ಲೇ ಇಟ್ಟಿರುವುದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಅನಿವಾರ್ಯವಾದರೆ ಐಸ್‌ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಲಸಿಕೆಯ ಡಬ್ಬಿಗೆ ನೇರ ತಾಗದಂತೆ ತನ್ನಿ.

ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂರಿ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರಷ್ಟು ಅಪರೂಪ, ಬಂದರೆ ನಿಮಿಷಗಳಲ್ಲೇ ಬರುತ್ತದೆ. ತಲೆಸುತ್ತು ಅದಕ್ಕಿಂತ ಎಷ್ಟೋ ಸಾಮಾನ್ಯ. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ತಿರುಗಿದರೆ ಎಡಮಗ್ಗುಲಲ್ಲಿ ಮಲಗಿ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಬೇಡ, 20 ವಾರದ ಮೇಲಂತೂ ಸಲ್ಲದು. ಜ್ವರ 38 ಡಿಗ್ರಿ ದಾಟಿ ಇಳಿಯದಿದ್ದರೆ, ರಕ್ತಸ್ರಾವ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ ಲಸಿಕೆಯದೇ ಇರಬೇಕು ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಕಾರಣ ಬೇರೆಯೇ ಇರಬಹುದು.

ಮನೆಯಲ್ಲಿ ದಡಾರ, ಚಿಕನ್‌ಪಾಕ್ಸ್ ಬಂದರೆ

2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಸುತ್ತಮುತ್ತ ದಡಾರ ಹಬ್ಬಿತ್ತು. ಇಲ್ಲಿಯ ಸಿಸ್ಟರುಗಳು ‘ಗೋವರ್’ ಎನ್ನುವುದು ಇದನ್ನೇ. ಬಸುರಿಗೆ ಬಂದರೆ ನ್ಯುಮೋನಿಯಾ, ಗರ್ಭಪಾತ, ಅವಧಿಗೆ ಮೊದಲೇ ಹೆರಿಗೆ ಆಗಬಹುದು. ಲಸಿಕೆ ಕೊಡುವಂತಿಲ್ಲ, ಆದರೆ ಮೊದಲು ದಡಾರ ಬಂದಿರದ, ಲಸಿಕೆಯೂ ಆಗಿರದ ಬಸುರಿ ರೋಗಿಯ ಸಂಪರ್ಕಕ್ಕೆ ಬಂದ ಆರು ದಿನದೊಳಗೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್, ಅಂದರೆ ಇಮ್ಯುನೋಗ್ಲಾಬ್ಯುಲಿನ್ ಕೊಡಲು ಬರುತ್ತದೆ. ಚಿಕನ್‌ಪಾಕ್ಸಿಗೆ ಅಂಥದೇ ಬೇರೆ ಇಂಜೆಕ್ಷನ್ನಿಗೆ ಹತ್ತು ದಿನದ ಅವಕಾಶ. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ನಂತರದವರೆಗೆ ತಾಯಿಗೆ ಚಿಕನ್‌ಪಾಕ್ಸ್ ಕಾಣಿಸಿಕೊಂಡರೆ ಕೂಸಿಗೆ ಅತಿ ಅಪಾಯ, ಏಕೆಂದರೆ ವೈರಸ್ಸು ದಾಟಿರುತ್ತದೆ, ಪ್ರತಿಕಾಯ ದಾಟಿರುವುದಿಲ್ಲ. ಗುಳ್ಳೆ ಎದ್ದಾಗ ‘ಅಮ್ಮ’ ಬಂದಿದ್ದಾಳೆಂದು ಬೇವಿನ ಸೊಪ್ಪಿನಲ್ಲೇ ದಿನ ಕಳೆಯಬೇಡಿ. ಹಾಗೆಯೇ ನೇರ ಹೋಗಿ ಬಸುರಿಯರ ಓಪಿಡಿಯಲ್ಲಿ ಕೂರಲೂ ಬೇಡಿ. ಮೊದಲು ಫೋನ್ ಮಾಡಿ. ಮುಂಬೈಯಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಚಿಂಚಪೋಕಳಿಯ ಕಸ್ತೂರ್ಬಾ ಆಸ್ಪತ್ರೆ ಇದೆ, ಪುಣೆಯಲ್ಲಿ ನಾಯ್ಡು ಆಸ್ಪತ್ರೆ.

ಮನೆಯ ದೊಡ್ಡ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆಯ ಸರದಿ ಬಂದಿದ್ದರೆ, ಅಮ್ಮ ಬಸುರಿಯೆಂದು ಮುಂದೂಡುವವರಿದ್ದಾರೆ. ಬೇಡ. ಲಸಿಕೆ ಪಡೆದ ಮಗುವಿನಿಂದ ಅದು ತಾಯಿಗೆ ಅಂಟುವುದಿಲ್ಲ, ಪಡೆಯದ ಮಗುವಿನಿಂದ ರೋಗ ಅಂಟಬಹುದು.

ಬೀದಿನಾಯಿ ಕಚ್ಚಿದರೆ

ಇಲ್ಲಿ ಬಸಿರಿನ ಲೆಕ್ಕವೇ ಇಲ್ಲ. ರೇಬೀಸ್ ಬಂದ ಮೇಲೆ ಉಳಿಸುವ ಔಷಧಿ ಇಲ್ಲ, ಲಸಿಕೆಯಲ್ಲಿರುವುದು ಸತ್ತ ವೈರಸ್ಸು. ಹರಿಯುವ ನೀರು, ಸೋಪಿನಿಂದ 15 ನಿಮಿಷ ಗಾಯ ತೊಳೆದು ಅದೇ ದಿನ ಮೊದಲ ಡೋಸು. ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ ಮೊದಲ ಡೋಸಿನ ದಿನವನ್ನು 0 ಎಂದು ಹಿಡಿದು 0, 3, 7, 14, 28ನೇ ದಿನ; ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7, 28. ರಕ್ತ ಬಂದ ಗಾಯಕ್ಕೆ ಜೊತೆಯಲ್ಲಿ ಇಮ್ಯುನೋಗ್ಲಾಬ್ಯುಲಿನ್ ಕೂಡ. ತೋಳಿಗೇ ಚುಚ್ಚಬೇಕು, ಕುಂಡಿಗೆ ಚುಚ್ಚಿದರೆ ಕೊಬ್ಬಿನಲ್ಲಿ ಸಿಕ್ಕಿ ಫಲ ಕಡಿಮೆ.

ಎರಡು ಊರು, ಒಂದೇ ಕಾರ್ಡು

ಮಹಾರಾಷ್ಟ್ರದಲ್ಲಿ ಕೊಡುವ ತಾಯಿ-ಮಗುವಿನ ಕಾರ್ಡು ಮರಾಠಿಯಲ್ಲಿರುತ್ತದೆ, ಕರ್ನಾಟಕದಲ್ಲಿ ತಾಯಿ ಕಾರ್ಡು. ಊರಿನ ಆಶಾ ಕಾರ್ಯಕರ್ತೆ ಹೊಸ ಕಾರ್ಡು ಮಾಡಿಕೊಟ್ಟರೂ ಹಳೆಯದನ್ನು ಎಸೆಯಬೇಡಿ. ದಾಖಲೆ ಇಲ್ಲದಿದ್ದರೆ ಟಿಡಿಯನ್ನು ಮತ್ತೆ ಮೊದಲಿನಿಂದ ಕೊಡುತ್ತಾರೆ. ಅಪಾಯವೇನಿಲ್ಲ, ತೋಳು ಮಾತ್ರ ಜೋರಾಗಿ ಊದಬಹುದು. ಸರ್ಕಾರಿ ಕೇಂದ್ರದ ಡೋಸುಗಳು ಲಸಿಕೆಯ ದಾಖಲೆಗೆಂದಿರುವ ಸರ್ಕಾರದ ಯು-ವಿನ್ ಪೋರ್ಟಲ್ಲಿನಲ್ಲಿ ಮೊಬೈಲ್ ನಂಬರಿನ ಜೊತೆ ದಾಖಲಾಗುತ್ತವೆ, ಎರಡೂ ರಾಜ್ಯಗಳಲ್ಲಿ ಕಾಣುತ್ತವೆ. ಗಂಡನ ನಂಬರು ಕೊಟ್ಟಿದ್ದರೆ ಊರಿನಲ್ಲಿ ಓಟಿಪಿಗೆ ಪರದಾಟ, ಬಸುರಿಯ ಸ್ವಂತ ನಂಬರನ್ನೇ ಕೊಡಿ. ಖಾಸಗಿಯಲ್ಲಿ ಹಾಕಿಸಿದ ಟಿಡ್ಯಾಪ್, ಫ್ಲೂ ಅದರಲ್ಲಿ ಇಲ್ಲದಿರಬಹುದು. ಲಸಿಕೆಯ ಹೆಸರು, ಬ್ಯಾಚ್ ನಂಬರು, ದಿನಾಂಕವನ್ನು ಕಾರ್ಡಿನ ಹಿಂದೆ ಬರೆಸಿ ಸಹಿ ಹಾಕಿಸಿ, ಫೋಟೋ ತೆಗೆದು ತವರಿನವರಿಗೂ ಕಳಿಸಿ. ಪುಣೆಯ ಕಟ್ಟಡ ಕೆಲಸದಲ್ಲಿ, ವಾಸ್ಕೋದ ಬಂದರು ಕೆಲಸದಲ್ಲಿ ಇದ್ದು ಸೈಟಿನಿಂದ ಸೈಟಿಗೆ ಹೋಗುವವರಿಗಂತೂ ಮೊಬೈಲಿನ ಫೋಟೋವೇ ಗಟ್ಟಿ ದಾಖಲೆ.

ಹೆಪಟೈಟಿಸ್ ಬಿ ರಕ್ತಪರೀಕ್ಷೆಯ ರಿಪೋರ್ಟು ಸಹ ಅದೇ ಫೈಲಿನಲ್ಲಿರಲಿ. ತಾಯಿಯಲ್ಲಿ ವೈರಸ್ಸು ಇದ್ದರೆ ಮಗುವಿಗೆ ಹುಟ್ಟಿದ 12 ಗಂಟೆಯೊಳಗೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಬೇಕು. ಅದನ್ನು ಊರಿನ ಆಸ್ಪತ್ರೆ ಮೊದಲೇ ತರಿಸಿಡಬೇಕಾಗುತ್ತದೆ. ತಾಯಿಯಲ್ಲಿ ಇಲ್ಲದಿದ್ದರೂ ಲಸಿಕೆಯ ಮೊದಲ ಡೋಸು 24 ಗಂಟೆಯೊಳಗೆ ಆಗಬೇಕು.

ಹೆರಿಗೆಯ ನಂತರ ಬಾಕಿ ಉಳಿಯುವುದು

ಬಸಿರಿನಲ್ಲಿ ರುಬೆಲ್ಲಾ ಪ್ರತಿಕಾಯ ಇಲ್ಲವೆಂದು ರಿಪೋರ್ಟು ಬಂದವರು ಹೆರಿಗೆಯಾಗಿ ಆಸ್ಪತ್ರೆ ಬಿಡುವ ಮೊದಲೇ ಎಂಎಂಆರ್ ಹಾಕಿಸಿಕೊಳ್ಳಬಹುದು. ಎದೆಹಾಲು ಕುಡಿಸಲು ತೊಂದರೆಯಿಲ್ಲ. ಬಸಿರಿನ ಮೊದಲ 12 ವಾರದಲ್ಲಿ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗುವ ಸಂಭವ ಶೇ. 90ರವರೆಗೂ ಇರುವುದರಿಂದ ಮುಂದಿನ ಬಸಿರಿಗೆ ಇದೇ ಸರಿಯಾದ ಸಮಯ. ಬಾಣಂತನದ ಎಣ್ಣೆ-ನೀರು, ಪಥ್ಯದ ಗಡಿಬಿಡಿಯಲ್ಲಿ ಇದು ಮರೆತೇ ಹೋಗುತ್ತದೆ. ಡಿಸ್ಚಾರ್ಜ್ ದಿನ ಕೇಳಿದರೆ ಅಲ್ಲೇ ಮುಗಿಯುತ್ತದೆ.

ರಕ್ತದ ಗುಂಪು ನೆಗೆಟಿವ್ ಇರುವವರಿಗೆ 28ನೇ ವಾರದಲ್ಲಿ, ಮಗುವಿನ ಗುಂಪು ಪಾಸಿಟಿವ್ ಆಗಿದ್ದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಮ್ಮೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಲಸಿಕೆಯಲ್ಲ, ಸಿದ್ಧ ಪ್ರತಿಕಾಯ. ಅದು ಟಿಡಿ, ಟಿಡ್ಯಾಪ್, ಫ್ಲೂ ಲಸಿಕೆಗಳಿಗೆ ಅಡ್ಡಿಮಾಡುವುದಿಲ್ಲ. ಎಂಎಂಆರ್‌ನ ಫಲವನ್ನು ಮಾತ್ರ ತಗ್ಗಿಸಬಹುದು. ಅದಕ್ಕೆಂದು ಎಂಎಂಆರ್ ಮುಂದೂಡಬೇಕಿಲ್ಲ. ಹಾಕಿಸಿಕೊಂಡು ಮೂರು ತಿಂಗಳ ನಂತರ ರುಬೆಲ್ಲಾ ಪ್ರತಿಕಾಯ ಬಂದಿದೆಯೇ ಎಂದು ಒಂದು ರಕ್ತಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಇನ್ನೊಂದು ಡೋಸು ಪಡೆಯಬೇಕು.